885 ಮನೆಗಳಿಂದ ಕೊಡಗಿನ ಆರೋಗ್ಯ ಅಳೆಯುವುದು ಹೇಗೆ?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ 26,574 ಮನೆಗಳಿಂದ ಮಾಹಿತಿ ಸಂಗ್ರಹವಾಯಿತು. ಆಗ ರಾಜ್ಯದಲ್ಲಿದ್ದದ್ದು 30 ಜಿಲ್ಲೆ. ಭಾಗಿಸಿದರೆ ಜಿಲ್ಲೆಗೆ ಸರಾಸರಿ 885 ಮನೆ ಬರುತ್ತದೆ. ಕೊಡಗಿನ ಜನಸಂಖ್ಯೆ 2011ರ ಜನಗಣತಿಯಂತೆ 5,54,519. ಇಷ್ಟು ಜನರಿರುವ ಜಿಲ್ಲೆಗೆ ಒಂಬೈನೂರರ ಆಸುಪಾಸಿನ ಮನೆಗಳನ್ನು ನೋಡಿ 104 ಸೂಚಕಗಳ ಪಟ್ಟಿ ಹೊರಡಿಸುತ್ತಾರೆ. ಎಷ್ಟು ಮಕ್ಕಳಿಗೆ ರಕ್ತಹೀನತೆ, ಎಷ್ಟು ಹೆರಿಗೆ ಆಸ್ಪತ್ರೆಯಲ್ಲಾಯಿತು, ಎಷ್ಟು ಮನೆಯಲ್ಲಿ ಗ್ಯಾಸ್ ಒಲೆ ಇದೆ ಎಂಬುದೆಲ್ಲ ಅದರಲ್ಲಿ ದಶಮಾಂಶದವರೆಗೆ ಇರುತ್ತದೆ. ಮರುದಿನ ಪತ್ರಿಕೆಯಲ್ಲಿ ‘ಜಿಲ್ಲೆ ಹಿಂದೆ ಬಿತ್ತು’ ಎಂದೋ ‘ಮುಂದೆ ಬಂತು’ ಎಂದೋ ಸುದ್ದಿ. ಜಿಲ್ಲಾ ಪಂಚಾಯಿತಿ ಸಭೆಯಲ್ಲಿ ಅದೇ ಅಂಕಿ ಹಿಡಿದು ಅಧಿಕಾರಿಗಳಿಗೆ ಪ್ರಶ್ನೆ.

ಆ 104ರಲ್ಲಿ ಕೆಲವನ್ನು ಧೈರ್ಯವಾಗಿ ನಂಬಬಹುದು. ಕೆಲವು ದಿಕ್ಕು ಮಾತ್ರ ತೋರಿಸುತ್ತವೆ. ಕೆಲವನ್ನು ಜಿಲ್ಲಾ ಮಟ್ಟದಲ್ಲಿ ಬಳಸದಿರುವುದೇ ಒಳ್ಳೆಯದು. ಯಾವುದು ಯಾವ ಗುಂಪಿಗೆ ಸೇರುತ್ತದೆ ಎಂದು ತಿಳಿಯಬೇಕಾದರೆ ಆ ಅಂಕಿ ಹುಟ್ಟುವ ದಾರಿ ಗೊತ್ತಿರಬೇಕು.

ಈ ಸಮೀಕ್ಷೆ ಶುರುವಾದದ್ದು 1992-93ರಲ್ಲಿ. ಆಮೇಲೆ 1998-99, 2005-06, 2015-16, 2019-21 ಮತ್ತು 2023-24ರಲ್ಲಿ ನಡೆಯಿತು. ಕೇಂದ್ರ ಆರೋಗ್ಯ ಸಚಿವಾಲಯದ ಪರವಾಗಿ ಮುಂಬೈನ ಅಂತಾರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಇದನ್ನು ನಡೆಸುತ್ತದೆ. ಮೂರನೇ ಸುತ್ತಿನಲ್ಲಿ ದೇಶಕ್ಕೆಲ್ಲ ಸೇರಿ ಸುಮಾರು 1.09 ಲಕ್ಷ ಮನೆಗಳಿದ್ದವು. ರಾಜ್ಯದ ಲೆಕ್ಕಕ್ಕೆ ಅದು ಸಾಕಿತ್ತು, ಜಿಲ್ಲೆಗೆ ಸಾಲುತ್ತಿರಲಿಲ್ಲ. ನಾಲ್ಕನೇ ಸುತ್ತಿನಲ್ಲಿ ಅದನ್ನು 6 ಲಕ್ಷ ದಾಟಿಸಿ ಮೊದಲ ಬಾರಿಗೆ ಪ್ರತಿ ಜಿಲ್ಲೆಗೂ ಪ್ರತ್ಯೇಕ ಅಂಕಿ ಕೊಟ್ಟರು. ಹಾಗಾಗಿ ಈ ಸಮೀಕ್ಷೆಯಲ್ಲಿ ಕೊಡಗಿಗೆ 2015ಕ್ಕಿಂತ ಹಿಂದಿನ ಜಿಲ್ಲಾ ಅಂಕಿ ಹುಡುಕಿದರೂ ಸಿಗುವುದಿಲ್ಲ.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ಐದನೇ ಸುತ್ತಿಗೆ ‘2019-21’ ಎಂಬ ಹಣೆಪಟ್ಟಿ ಇರುವುದರಿಂದ ಅದರಲ್ಲಿ ಕೋವಿಡ್ ಪರಿಣಾಮ ಇದೆ ಎಂದು ಬಹಳ ಜನ ತಿಳಿದಿದ್ದಾರೆ. ಕರ್ನಾಟಕ ಇದ್ದದ್ದು ಮೊದಲ ಹಂತದಲ್ಲಿ. ಆ ಹಂತದ ಕ್ಷೇತ್ರಕಾರ್ಯ 2019ರ ಜೂನ್ ಮಧ್ಯದಲ್ಲಿ ಶುರುವಾಗಿ 2020ರ ಜನವರಿ ಕೊನೆಯೊಳಗೆ ಮುಗಿಯಿತು. ನಮ್ಮ ರಾಜ್ಯದ ಮಟ್ಟಿಗೆ ಅವು ಕೋವಿಡ್‌ಗೆ ಮುಂಚಿನ ಅಂಕಿಗಳು. ಲಾಕ್‌ಡೌನ್‌ನಿಂದ ಚುಚ್ಚುಮದ್ದು ತಪ್ಪಿತೇ ಎಂಬ ಪ್ರಶ್ನೆಗೆ ಅವುಗಳಲ್ಲಿ ಉತ್ತರವಿಲ್ಲ.

ಮನೆ ಆರಿಸುವ ಕ್ರಮ

ಆಯ್ಕೆ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲು ಊರು, ಆಮೇಲೆ ಮನೆ. ಊರುಗಳ ಪಟ್ಟಿ ಜನಗಣತಿಯದು. ಪಟ್ಟಣವಾದರೆ ಊರಿನ ಬದಲು ಜನಗಣತಿಯ ಎಣಿಕೆ ಬ್ಲಾಕ್. ದೊಡ್ಡ ಊರಿಗೆ ಆಯ್ಕೆಯಾಗುವ ಸಾಧ್ಯತೆ ಹೆಚ್ಚು, ಸಣ್ಣ ಊರಿಗೆ ಕಡಿಮೆ. ಆದರೆ ಆಯ್ಕೆಯಾದ ಊರು ಎಷ್ಟೇ ದೊಡ್ಡದಿರಲಿ, ಅಲ್ಲಿಂದ ತೆಗೆಯುವುದು 22 ಮನೆ ಮಾತ್ರ.

ಇದು ಅನ್ಯಾಯದ ಹಾಗೆ ಕಾಣುತ್ತದೆ. ಲೆಕ್ಕ ಹಾಕಿದರೆ ಹಾಗಲ್ಲ. 100 ಮನೆಯ ಊರೊಂದು, 400 ಮನೆಯ ಊರೊಂದು ಇದೆ ಎನ್ನೋಣ. ಎರಡನೆಯದು ಆಯ್ಕೆಯಾಗುವ ಸಾಧ್ಯತೆ ಮೊದಲನೆಯದರ ನಾಲ್ಕರಷ್ಟು. ಆದರೆ ಆಯ್ಕೆಯಾದ ಮೇಲೆ ಸಣ್ಣ ಊರಿನ ಮನೆಗೆ 100ರಲ್ಲಿ 22 ಅವಕಾಶ, ದೊಡ್ಡ ಊರಿನ ಮನೆಗೆ 400ರಲ್ಲಿ 22, ಅಂದರೆ ಕಾಲು ಭಾಗ. ಒಂದು ಕಡೆ ನಾಲ್ಕು ಪಟ್ಟು, ಇನ್ನೊಂದು ಕಡೆ ಕಾಲು ಪಟ್ಟು. ಗುಣಿಸಿದರೆ ಎರಡೂ ಊರಿನ ಮನೆಗಳಿಗೆ ಅವಕಾಶ ಒಂದೇ. ಜನಗಣತಿಯ ನಂತರ ಊರು ಬೆಳೆದು ಅಥವಾ ಕುಗ್ಗಿ ಉಳಿದುಕೊಳ್ಳುವ ವ್ಯತ್ಯಾಸವನ್ನು, ಜೊತೆಗೆ ಬೀಗ ಹಾಕಿದ ಮನೆ ಮತ್ತು ಉತ್ತರ ಕೊಡದ ಮನೆಗಳಿಂದಾಗುವ ಕೊರತೆಯನ್ನು, ಕೊನೆಯಲ್ಲಿ ಪ್ರತಿ ಮನೆಗೂ ಒಂದು ತೂಕ, ಅಂದರೆ ಒಟ್ಟು ಲೆಕ್ಕದಲ್ಲಿ ಅದಕ್ಕೆಷ್ಟು ಬೆಲೆ ಎಂಬ ಗುಣಕ, ಕೊಟ್ಟು ಸರಿಪಡಿಸುತ್ತಾರೆ. 885 ಮನೆಯನ್ನು 22ರಿಂದ ಭಾಗಿಸಿದರೆ ಸುಮಾರು 40. ಒಂದು ಜಿಲ್ಲೆಯ ಚಿತ್ರ ನಿಂತಿರುವುದು ಇಂಥ 40ರಷ್ಟು ಜಾಗಗಳ ಮೇಲೆ.

ಊರು ಆಯ್ಕೆಯಾದ ಮೇಲೆ ಪ್ರಶ್ನಾವಳಿ ಹಿಡಿದ ತಂಡ ಬರುವುದಕ್ಕಿಂತ ಮುಂಚೆ ಪಟ್ಟಿ ಮಾಡುವವರು ಬರುತ್ತಾರೆ. ಊರಿನ ಗಡಿ ನೋಡಿ ನಕ್ಷೆ ಬರೆದು, ಇರುವ ಪ್ರತಿ ಕಟ್ಟಡಕ್ಕೂ ನಂಬರ್ ಹಾಕಿ, ಅದರಲ್ಲಿ ಎಷ್ಟು ಸಂಸಾರ ವಾಸವಿದೆ ಎಂದು ಬರೆದುಕೊಳ್ಳುತ್ತಾರೆ. 300ಕ್ಕಿಂತ ಹೆಚ್ಚು ಮನೆಯಿದ್ದರೆ ಊರನ್ನು 100-150 ಮನೆಗಳ ತುಂಡು ಮಾಡಿ ಎರಡು ತುಂಡು ಆರಿಸಿಕೊಳ್ಳುತ್ತಾರೆ. ಪಟ್ಟಿಯಲ್ಲಿ 176 ಸಂಸಾರ ಬಂತು ಎನ್ನಿ. 22ರಿಂದ ಭಾಗಿಸಿದರೆ 8. ಒಂದರಿಂದ ಎಂಟರೊಳಗೆ ಚೀಟಿ ಎತ್ತಿದಂತೆ ಒಂದು ಸಂಖ್ಯೆ. ಅದು 3 ಆದರೆ ಪಟ್ಟಿಯ 3, 11, 19, 27 ಹೀಗೆ ಎಂಟೆಂಟು ಬಿಟ್ಟು ಎಣಿಸುತ್ತಾ ಹೋಗುವುದು. ಮೇಲ್ವಿಚಾರಕನಿಗಾಗಲಿ ಊರಿನ ಪಂಚಾಯಿತಿ ಸದಸ್ಯನಿಗಾಗಲಿ ‘ಈ ಮನೆ ನೋಡಿ’ ಎನ್ನುವ ಅವಕಾಶವೇ ಇಲ್ಲ.

ಕೊಡಗಿನಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಈ ಪಟ್ಟಿಯಲ್ಲೇ. ಬಯಲುಸೀಮೆಯ ಊರಿನ ಹಾಗೆ ಇಲ್ಲಿ ಮನೆಗಳು ಒಟ್ಟಾಗಿಲ್ಲ. ಗದ್ದೆಯ ಅಂಚಿಗೊಂದು, ತೋಟದ ನಡುವೆ ಇನ್ನೊಂದು. ಡಾಂಬರು ರಸ್ತೆಯಲ್ಲೇ ಹೋದರೆ ಕಾಣುವುದು ತೋಟದ ಗೇಟು ಮತ್ತು ಮಾಲೀಕರ ಮನೆ. ತೋಟದ ಕೂಲಿಗಳು ಇರುವ ಸಾಲುಮನೆಗಳು, ಅಂದರೆ ಲೈನ್ ಮನೆಗಳು, ಕಾಣಬೇಕಾದರೆ ಗೇಟು ದಾಟಿ ಕಾಫಿ ಗಿಡಗಳ ನಡುವಿನ ಮಣ್ಣಿನ ದಾರಿಯಲ್ಲಿ ಇಳಿದು ಹೋಗಬೇಕು. ಮಳೆಗಾಲದಲ್ಲಿ ಪಟ್ಟಿ ಮಾಡುವವರು ಸಂಜೆ ನಾಲ್ಕಕ್ಕೆ ಅಲ್ಲಿಗೆ ಇಳಿಯುವ ಬದಲು ಗೇಟಿನ ಹತ್ತಿರ ತೋಟದ ಲೆಕ್ಕ ಬರೆಯುವ ರೈಟರನ್ನು ಕೇಳಿ ಸಂಖ್ಯೆ ಬರೆದುಕೊಂಡರೆ ಆ ಲೈನ್ ಅರ್ಧಂಬರ್ಧ ಸೇರುತ್ತದೆ, ಇಲ್ಲವೇ ಒಂದೇ ಕಟ್ಟಡವಾಗಿ ಸೇರುತ್ತದೆ. ಎಂಟು ಕೋಣೆಯಲ್ಲಿ ಎಂಟು ಒಲೆ ಇದ್ದರೆ ಅದು ಎಂಟು ಸಂಸಾರ. ಅಸ್ಸಾಂನಿಂದ ಬಂದ ಐವರು ಯುವಕರು ಒಟ್ಟಿಗೆ ಅಡುಗೆ ಮಾಡಿಕೊಂಡು ಇದ್ದರೆ, ರಕ್ತಸಂಬಂಧ ಇಲ್ಲದಿದ್ದರೂ ಅದು ಒಂದು ಸಂಸಾರ. ಒಂದು ಕುಟುಂಬದ ಐನ್‌ಮನೆ (ಪೂರ್ವಿಕರ ಮೂಲಮನೆ) ನೂರು ವರ್ಷ ಹಳೆಯದಿರಬಹುದು, ಹೆಸರಿಗೆ ಎಪ್ಪತ್ತು ಜನ ಇರಬಹುದು. ಅಲ್ಲಿ ವಾಸ ಇರುವುದು ನೋಡಿಕೊಳ್ಳುವ ದಂಪತಿ ಮಾತ್ರವಾದರೆ ಸಮೀಕ್ಷೆಗೆ ಲೆಕ್ಕ ಆ ಇಬ್ಬರೇ. ಯಾರೂ ಇಲ್ಲದಿದ್ದರೆ ಖಾಲಿ ಕಟ್ಟಡ.

ಮನೆಯೊಳಗೆ ಯಾರನ್ನು ಸೇರಿಸಬೇಕು ಎಂಬುದಕ್ಕೂ ನಿಯಮವಿದೆ: ಸಾಮಾನ್ಯವಾಗಿ ಅಲ್ಲೇ ಇರುವವರು, ಮತ್ತು ಹಿಂದಿನ ರಾತ್ರಿ ಅಲ್ಲಿ ಮಲಗಿದವರು. ಹೆರಿಗೆಗೆಂದು ತವರಿಗೆ ಬಂದ ಮಗಳು ಹೀಗೆ ಒಳಗೆ ಬರುತ್ತಾಳೆ. ಮಡಿಕೇರಿಯ ಹಾಸ್ಟೆಲ್‌ನಲ್ಲಿರುವ ಹುಡುಗ, ಸೈನ್ಯದಲ್ಲಿರುವ ಗಂಡ ಹೊರಗೆ ಉಳಿಯುತ್ತಾರೆ, ಏಕೆಂದರೆ ಹಾಸ್ಟೆಲ್ ಮತ್ತು ಸೇನಾ ಶಿಬಿರಗಳು ಸಮೀಕ್ಷೆಯ ಪಟ್ಟಿಯಲ್ಲೇ ಇಲ್ಲ. ಐದನೇ ಸುತ್ತು ಬಂದಾಗ ‘ದೇಶದಲ್ಲಿ 1,000 ಗಂಡಸರಿಗೆ 1,020 ಹೆಂಗಸರು’ ಎಂದು ದೊಡ್ಡ ಸುದ್ದಿಯಾಯಿತು. ಅದು ಆ ರಾತ್ರಿ ಮನೆಯಲ್ಲಿದ್ದವರ ಅನುಪಾತ. ದುಡಿಯಲು ಹೊರಗೆ ಹೋದ ಗಂಡಸರು ಬಹಳ ಇರುವ ಕೊಡಗಿನಂಥ ಜಿಲ್ಲೆಯಲ್ಲಿ ಅದನ್ನು ಜನಸಂಖ್ಯೆಯ ಲಿಂಗಾನುಪಾತ ಎಂದು ಓದಿದರೆ ತಪ್ಪುತ್ತದೆ.

ಪಟ್ಟಿಗೆ ಆಧಾರವಾದ ಜನಗಣತಿ 2011ರದ್ದು ಎಂಬುದು ಇನ್ನೊಂದು ತೊಡಕು. 2018ರ ಆಗಸ್ಟ್‌ನ ಭೂಕುಸಿತದ ನಂತರ ಮನೆ ಕಳೆದುಕೊಂಡವರಿಗೆ ಜಂಬೂರು, ಕರ್ಣಂಗೇರಿ ಮುಂತಾದ ಕಡೆ ಹೊಸ ಮನೆ ಕಟ್ಟಿಕೊಟ್ಟರು. 2011ರ ಪಟ್ಟಿಗೆ ಆ ಬಡಾವಣೆ ಗೊತ್ತಿಲ್ಲ. ಜನ ಬಿಟ್ಟುಹೋದ ಊರಿಗೆ ಹಳೆಯ ತೂಕವೇ ಇದೆ. ಇಂಥ ಊರು ಆಯ್ಕೆಯಾದರೆ ಹೊಸದಾಗಿ ಪಟ್ಟಿ ಮಾಡುವಾಗ ಸ್ವಲ್ಪ ಸರಿಹೋಗುತ್ತದೆ. ಆಯ್ಕೆಯಾಗದಿದ್ದರೆ ಸರಿಹೋಗುವ ದಾರಿಯಿಲ್ಲ.

ಆರಿಸಿದ ಮನೆಗೆ ಬೀಗ ಇದ್ದರೆ ಪಕ್ಕದ ಮನೆಗೆ ಹೋಗುವಂತಿಲ್ಲ. ಇದು ಸಮೀಕ್ಷೆಯ ಕಟ್ಟುನಿಟ್ಟಿನ ನಿಯಮ. ಮತ್ತೆ ಮತ್ತೆ, ಬೇರೆ ಬೇರೆ ಹೊತ್ತಿನಲ್ಲಿ ಬರಬೇಕು. ಹಗಲು ಮನೆಯಲ್ಲಿ ಸಿಗುವವರು ವಯಸ್ಸಾದವರು, ಬಾಣಂತಿಯರು, ಅಷ್ಟಿಷ್ಟು ಅನುಕೂಲ ಇರುವವರು. ಕೂಲಿಗೆ ಹೋದವರ ಬದಲಿಗೆ ಅವರನ್ನು ಸೇರಿಸಿಕೊಂಡರೆ ದುಡಿಯುವ ತಾಯಂದಿರ ಮಕ್ಕಳು ಲೆಕ್ಕದಿಂದಲೇ ಜಾರಿಹೋಗುತ್ತಾರೆ. ಜಿಲ್ಲೆ ಕಾಗದದ ಮೇಲೆ ಇದ್ದಕ್ಕಿಂತ ಆರೋಗ್ಯವಾಗಿ ಕಾಣುತ್ತದೆ. ತೋಟದಲ್ಲಿ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಇಳಿದವರು ಮರಳುವುದು ಸಂಜೆ. ಹಾಗಾಗಿ ಲೈನ್ ಮನೆಗೆ ಹೋಗಬೇಕಾದ್ದು ಬೆಳಿಗ್ಗೆ ಏಳರೊಳಗೆ, ಇಲ್ಲವೇ ಸಂಜೆ ಐದರ ಮೇಲೆ, ಇಲ್ಲವೇ ಸಂತೆಯ ದಿನ. ಕೈಲ್‌ಪೊಳ್ದ್, ಪುತ್ತರಿ ಹಬ್ಬದ ದಿನಗಳಲ್ಲಿ ಮನೆ ತುಂಬ ಜನ ಸಿಗುತ್ತಾರೆ ನಿಜ, ಆದರೆ ಅವರಲ್ಲಿ ಅರ್ಧ ಬೆಂಗಳೂರಿನವರು.

ಋತುವಿನ ಪ್ರಶ್ನೆಯೂ ಇದೆ. ಅರೇಬಿಕಾ ಕೊಯ್ಲು ನವೆಂಬರ್ ಸುಮಾರಿಗೆ ಶುರು, ರೊಬಸ್ಟಾ ಜನವರಿಯಿಂದ ಮಾರ್ಚ್. ಹೊರಗಿನ ಕೂಲಿಗಳು ಹೆಚ್ಚು ಬರುವುದು ಆಗ. ಜುಲೈ-ಆಗಸ್ಟ್‌ನಲ್ಲಿ ತಂಡ ಬಂದು ಹೋದರೆ ಆ ಜನ ಆಗ ಇರುವುದೇ ಇಲ್ಲ. ಆ ಅಂಕಿಯಲ್ಲಿ ಅವರ ಮಕ್ಕಳ ಚುಚ್ಚುಮದ್ದೂ ಇಲ್ಲ, ಅವರ ಗರ್ಭಿಣಿಯರೂ ಇಲ್ಲ.

ರಕ್ತ, ತೂಕ, ಎತ್ತರ, ಬಿಪಿ

ಒಂದು ತಂಡದಲ್ಲಿ ಸಾಮಾನ್ಯವಾಗಿ ಒಬ್ಬ ಮೇಲ್ವಿಚಾರಕ, ಮೂವರು ಮಹಿಳಾ ಸಂದರ್ಶಕಿಯರು, ಒಬ್ಬ ಪುರುಷ ಸಂದರ್ಶಕ ಮತ್ತು ಅಳತೆ, ರಕ್ತಪರೀಕ್ಷೆಗೆಂದು ಇಬ್ಬರು ಆರೋಗ್ಯ ಪರೀಕ್ಷಕರು ಇರುತ್ತಾರೆ. ಪ್ರತಿ ಪರೀಕ್ಷೆಗೂ ಪ್ರತ್ಯೇಕ ಒಪ್ಪಿಗೆ ಕೇಳಬೇಕು. ‘ತೂಕ ಆಗಬಹುದು, ರಕ್ತ ಬೇಡ’ ಎನ್ನುವ ಹಕ್ಕು ಮನೆಯವರಿಗಿದೆ.

ಹಿಮೋಗ್ಲೋಬಿನ್ ಪರೀಕ್ಷೆಯನ್ನೇ ಹತ್ತಿರದಿಂದ ನೋಡೋಣ, ಏಕೆಂದರೆ ಅತಿ ಹೆಚ್ಚು ವಾದ ನಡೆದಿರುವುದು ಅದರ ಮೇಲೆ. ಬೆರಳ ತುದಿಗೆ ಚುಚ್ಚಿ, 6ರಿಂದ 11 ತಿಂಗಳ ಮಗುವಾದರೆ ಹಿಮ್ಮಡಿಗೆ ಚುಚ್ಚಿ, ಹನಿ ರಕ್ತ ತೆಗೆದು ಹಿಮೋಕ್ಯೂ ಎಂಬ ಅಂಗೈಯಗಲದ ಯಂತ್ರದಲ್ಲಿ ಐದನೇ ಸುತ್ತಿನವರೆಗೆ ಓದುತ್ತಿದ್ದರು. ಮೊದಲ ಹನಿಗಳನ್ನು ಒರೆಸಿಬಿಡಬೇಕು. ಡಿಸೆಂಬರಿನ ಬೆಳಿಗ್ಗೆ ಕೈ ತಣ್ಣಗಿದ್ದು ರಕ್ತ ಬಾರದಿದ್ದರೆ ಪರೀಕ್ಷಕರು ಬೆರಳನ್ನು ಹಿಂಡುತ್ತಾರೆ. ಹಿಂಡಿದರೆ ರಕ್ತದ ಜೊತೆ ಅಂಗಾಂಶದ ನೀರೂ ಸೇರಿ ತೆಳುವಾಗಿ, ಹಿಮೋಗ್ಲೋಬಿನ್ ಇದ್ದದ್ದಕ್ಕಿಂತ ಕಡಿಮೆ ತೋರುತ್ತದೆ. ಮಾಡಬೇಕಾದದ್ದು ಕೈಯನ್ನು ಉಜ್ಜಿ ಬೆಚ್ಚಗೆ ಮಾಡಿ, ಸ್ವಲ್ಪ ಕೆಳಗೆ ಇಳಿಬಿಟ್ಟು, ಸರಿಯಾದ ಆಳಕ್ಕೆ ಒಂದೇ ಸಲ ಚುಚ್ಚುವುದು. ರಕ್ತ ಹೀರುವ ಪ್ಲಾಸ್ಟಿಕ್ ಕ್ಯೂವೆಟ್ ಒಂದೇ ಸಲಕ್ಕೆ ತುಂಬಬೇಕು, ಒಳಗೆ ಗಾಳಿಗುಳ್ಳೆ ಇರಬಾರದು. ಕ್ಯೂವೆಟ್ ಒಳಗೆ ಒಣ ರಾಸಾಯನಿಕ ಇರುತ್ತದೆ, ತೇವ ಅದಕ್ಕೆ ಶತ್ರು. ಡಬ್ಬಿಯ ಮುಚ್ಚಳ ತೆರೆದಿಟ್ಟು ಮಾತಾಡುತ್ತಾ ಕೂತರೆ, ಭಾಗಮಂಡಲದ ಜುಲೈ ಗಾಳಿಗೆ ಇಡೀ ಡಬ್ಬಿ ಕೆಡಬಹುದು. ಬೇರೆ ಪರೀಕ್ಷೆಗಳಿಗೆ ಫಿಲ್ಟರ್ ಕಾಗದದ ಮೇಲೆ ತೆಗೆದ ರಕ್ತದ ಚುಕ್ಕೆಗಳ ಪಾಡೂ ಇದೇ. ರಾತ್ರಿಯಿಡೀ ಒಣಗಿಸಿ, ತೇವ ಹೀರುವ ಪುಟ್ಟ ಪೊಟ್ಟಣದ ಜೊತೆ ಚೀಲಕ್ಕೆ ಹಾಕಿ ಲ್ಯಾಬಿಗೆ ಕಳಿಸಬೇಕು. ಬಟ್ಟೆಯೇ ಒಣಗದ ಮಳೆಗಾಲದಲ್ಲಿ ಇದಕ್ಕೆ ಬೇರೆಯೇ ಏರ್ಪಾಡು ಬೇಕು.

ಎತ್ತರ ಜಾಗದಲ್ಲಿರುವವರ ರಕ್ತದಲ್ಲಿ ಹಿಮೋಗ್ಲೋಬಿನ್ ಸಹಜವಾಗಿಯೇ ಹೆಚ್ಚು. ಗಾಳಿಯಲ್ಲಿ ಆಮ್ಲಜನಕ ಕಡಿಮೆ ಇರುವುದರಿಂದ ದೇಹ ಹಾಗೆ ಹೊಂದಿಕೊಂಡಿರುತ್ತದೆ. ಆದ್ದರಿಂದ ಅಳೆದ ಅಂಕಿಯಿಂದ ಸ್ವಲ್ಪ ಕಳೆದು ಆಮೇಲೆ ರಕ್ತಹೀನತೆ ಇದೆಯೋ ಇಲ್ಲವೋ ಎಂದು ನಿರ್ಧರಿಸುತ್ತಾರೆ. ಗರ್ಭಿಣಿಯಲ್ಲದ ಹೆಂಗಸಿಗೆ ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಮಡಿಕೇರಿಯ ಎತ್ತರ ಸುಮಾರು 1,150 ಮೀಟರ್. ಐದನೇ ಸುತ್ತಿನ ಹೊತ್ತಿಗೆ ಇದ್ದ ಪದ್ಧತಿಯಲ್ಲಿ 1,000 ಮೀಟರ್ ದಾಟಿದ ಮೇಲೆ ಮಾತ್ರ ಕಳೆಯುತ್ತಿದ್ದರು, ಮಡಿಕೇರಿಯ ಮಟ್ಟಕ್ಕೆ ಕಳೆಯುತ್ತಿದ್ದದ್ದು 0.2 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ 500 ಮೀಟರಿನಿಂದಲೇ ಕಳೆಯಬೇಕು, 1,000ದಿಂದ 1,500 ಮೀಟರ್ ನಡುವೆ 0.8 ಗ್ರಾಂ. ಮಡಿಕೇರಿಯ ಹೆಂಗಸೊಬ್ಬಳಿಗೆ ಯಂತ್ರ 12.5 ತೋರಿಸಿತು ಎನ್ನಿ. ಹಳೆಯ ಲೆಕ್ಕದಲ್ಲಿ 12.3, ಆಕೆ ಆರೋಗ್ಯವಂತೆ. ಹೊಸ ಲೆಕ್ಕದಲ್ಲಿ 11.7, ಆಕೆಗೆ ರಕ್ತಹೀನತೆ. ರಕ್ತ ಬದಲಾಗಿಲ್ಲ, ಊಟ ಬದಲಾಗಿಲ್ಲ. ಸಂಪಾಜೆ, ಕರಿಕೆ, ಮಾಕುಟ್ಟದಂಥ ಘಟ್ಟದ ಬುಡದ ಜಾಗ ಬಿಟ್ಟರೆ ಕೊಡಗಿನ ಬಹುಪಾಲು 500 ಮೀಟರಿಗಿಂತ ಮೇಲಿದೆ. ಮುಂದೆ ಯಾವತ್ತಾದರೂ ಹೊಸ ಪದ್ಧತಿಯ ಅಂಕಿ ಬಂದು ಕೊಡಗಿನಲ್ಲಿ ರಕ್ತಹೀನತೆ ದಿಢೀರನೆ ಏರಿದಂತೆ ಕಂಡರೆ, ಕಬ್ಬಿಣದ ಮಾತ್ರೆ ಹಂಚಿದವರನ್ನು ಬೈಯುವ ಮುಂಚೆ ಯಾವ ಮಾರ್ಗಸೂಚಿ ಬಳಸಿದ್ದಾರೆ ಎಂದು ನೋಡಬೇಕು.

ದೇಶದ ಮಟ್ಟದಲ್ಲಿ ಇಂಥ ಗೊಂದಲ ಆಗಲೇ ಆಗಿದೆ. ನಾಲ್ಕನೇ ಸುತ್ತಿನಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ರಕ್ತಹೀನತೆ ಶೇ 53.1 ಇತ್ತು. 2018ರಲ್ಲಿ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮ ಶುರುವಾಗಿ, ವರ್ಷಕ್ಕೆ 3 ಶೇಕಡಾ ಅಂಶದಂತೆ ಇಳಿಸುವ ಗುರಿ ಇಟ್ಟರು. ಐದನೇ ಸುತ್ತಿನಲ್ಲಿ ಅದು ಶೇ 57ಕ್ಕೆ ಏರಿತು. ಐದು ವರ್ಷದೊಳಗಿನ ಮಕ್ಕಳಲ್ಲಿ 58.6 ಇದ್ದದ್ದು 67.1 ಆಯಿತು. ಕರ್ನಾಟಕದ ಮಕ್ಕಳಲ್ಲಿ 60.9ರಿಂದ 65.5. ಇದೇ ಕಾಲಕ್ಕೆ, 2016-18ರಲ್ಲಿ, ರಕ್ತನಾಳದಿಂದ ರಕ್ತ ತೆಗೆದು ಲ್ಯಾಬಿನಲ್ಲಿ ಪರೀಕ್ಷಿಸಿದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ 1ರಿಂದ 4 ವರ್ಷದ ಮಕ್ಕಳಲ್ಲಿ ಶೇ 41 ಎಂದಿತು. ವಯಸ್ಸಿನ ಗುಂಪು ಒಂದೇ ಅಲ್ಲ. ಆದರೂ ಇಷ್ಟು ದೊಡ್ಡ ಅಂತರಕ್ಕೆ ಅದೊಂದೇ ಕಾರಣವಾಗಲಾರದು, ಬೆರಳಿನ ರಕ್ತವೋ ನಾಳದ ರಕ್ತವೋ ಎಂಬುದರ ಪಾಲು ಅದರಲ್ಲಿ ದೊಡ್ಡದು. ಕೊನೆಗೆ ಆರನೇ ಸುತ್ತಿನಿಂದ ಈ ಪರೀಕ್ಷೆಯನ್ನೇ ಕೈಬಿಟ್ಟು, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ನಡೆಸುವ ಬೇರೆ ಸಮೀಕ್ಷೆಗೆ ಅದನ್ನು ಬಿಟ್ಟುಕೊಟ್ಟರು. ಒಳ್ಳೆಯ ಅಳತೆ ಬೇಕೆಂಬುದು ಸರಿಯೇ. ಆದರೆ ನಾಲ್ಕು ಸುತ್ತುಗಳಿಂದ ಒಂದೇ ವಿಧಾನದಲ್ಲಿ ಬಂದ ಸರಣಿಯನ್ನು ಎರಡು ವಿಧಾನವನ್ನೂ ಒಟ್ಟಿಗೆ ಒಂದು ಸಲವಾದರೂ ನಡೆಸದೆ ಕಡಿದದ್ದು ಜಾಣತನವಲ್ಲ. ಈಗ ಹಳೆಯದಕ್ಕೂ ಹೊಸದಕ್ಕೂ ಸೇತುವೆಯಿಲ್ಲ.

ಮಕ್ಕಳ ಎತ್ತರದಲ್ಲಿ ತಪ್ಪು ಬರುವ ದಾರಿ ಬೇರೆ. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯಬೇಕು, ಮೇಲಿನವರನ್ನು ನಿಲ್ಲಿಸಿ. ಮಲಗಿಸಿದಾಗ ಸುಮಾರು 0.7 ಸೆಂಟಿಮೀಟರ್ ಹೆಚ್ಚು ಬರುತ್ತದೆ. ಇದಕ್ಕಿಂತ ದೊಡ್ಡ ತಪ್ಪು ವಯಸ್ಸಿನದು. 80 ಸೆಂಟಿಮೀಟರ್ ಇರುವ ಗಂಡುಮಗುವಿಗೆ 21 ತಿಂಗಳಾದರೆ ಅವನು ವಿಶ್ವ ಆರೋಗ್ಯ ಸಂಸ್ಥೆಯ ಕನಿಷ್ಠ ಎತ್ತರದ ಗೆರೆಗಿಂತ ಮೇಲಿದ್ದಾನೆ, ಅಲ್ಲಿ ಗೆರೆ 79.4. ಅವನಿಗೆ 24 ತಿಂಗಳು ಎಂದು ಬರೆದರೆ ಗೆರೆ 81, ಅವನು ಕುಂಠಿತ ಬೆಳವಣಿಗೆಯ ಪಟ್ಟಿಗೆ ಬಿದ್ದ. ‘ಎರಡು ವರ್ಷ ಆಗ್ತಾ ಬಂತು’ ಎಂಬ ತಾಯಿಯ ಮಾತನ್ನು ಹಾಗೆಯೇ ಬರೆದುಕೊಂಡರೆ ಆಗುವುದು ಇದು. ತಾಯಿ ಕಾರ್ಡ್ ಇದ್ದರೆ ಜನ್ಮದಿನಾಂಕ ಅಲ್ಲೇ ಸಿಗುತ್ತದೆ. ಇಲ್ಲದಿದ್ದರೆ ಹುಟ್ಟಿದ್ದು ಪುತ್ತರಿಗೆ ಮುಂಚೆಯೋ ಆಮೇಲೋ, ಕಾವೇರಿ ಸಂಕ್ರಮಣ ಆಗಿತ್ತೋ, ಕಾಫಿ ಕೊಯ್ಲು ನಡೆಯುತ್ತಿತ್ತೋ ಎಂದು ಕೇಳುತ್ತಾ ತಿಂಗಳು ಹಿಡಿಯಬೇಕು. ತೂಕದ ಯಂತ್ರಕ್ಕೆ ಗಟ್ಟಿಯಾದ ಸಮತಟ್ಟು ನೆಲ ಬೇಕು. ಲೈನ್ ಮನೆಯ ಹಳ್ಳತಿಟ್ಟಿನ ನೆಲಕ್ಕಿಂತ ಕಾಫಿ ಒಣಗಿಸುವ ಕಣದ ಸಿಮೆಂಟು ವಾಸಿ.

ರಕ್ತದೊತ್ತಡವನ್ನು ಐದು ನಿಮಿಷದ ಅಂತರದಲ್ಲಿ ಮೂರು ಸಲ ನೋಡುತ್ತಾರೆ, ಕೊನೆಯ ಎರಡರ ಸರಾಸರಿ ಲೆಕ್ಕಕ್ಕೆ. ಅರ್ಧ ಗಂಟೆಯೊಳಗೆ ಕಾಫಿ ಕುಡಿದಿದ್ದೀರಾ ಎಂದು ಮೊದಲು ಕೇಳುವುದು ಕ್ರಮ. ಬಂದವರಿಗೆ ಕಾಫಿ ಕೊಟ್ಟು ತಾವೂ ಕುಡಿದೇ ಮಾತು ಶುರು ಮಾಡುವ ಊರಿನಲ್ಲಿ ಇದಕ್ಕೆ ಉತ್ತರ ಗೊತ್ತಿರುವುದೇ. ಆದ್ದರಿಂದ ಬಿಪಿ ಅಳತೆಯನ್ನು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಪ್ರಶ್ನೆ ಕೇಳುವವರ ಸುಸ್ತಿನಿಂದ ಬರುವ ತಪ್ಪು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಮಕ್ಕಳ ಆರೋಗ್ಯದ ಪ್ರಶ್ನೆಗಳು ಐದು ವರ್ಷದೊಳಗಿನ ಮಕ್ಕಳಿಗೆ ಮಾತ್ರ. ಮಗುವಿನ ವಯಸ್ಸನ್ನು ಐದು ವರ್ಷ ಒಂದು ತಿಂಗಳು ಎಂದು ಬರೆದರೆ ಹತ್ತಾರು ಪ್ರಶ್ನೆ ತಪ್ಪುತ್ತವೆ. 49ರ ಹೆಂಗಸನ್ನು 50 ಮಾಡಿದರೆ ಇಡೀ ಸಂದರ್ಶನವೇ ತಪ್ಪುತ್ತದೆ. ಇದು ಜಗತ್ತಿನ ಎಲ್ಲ ಕಡೆ ಇಂಥ ಸಮೀಕ್ಷೆಗಳಲ್ಲಿ ನಡೆಯುತ್ತದೆ, ಅದಕ್ಕೇ ಕ್ಷೇತ್ರಕಾರ್ಯ ನಡೆಯುತ್ತಿರುವಾಗಲೇ ತಂಡವಾರು ಕೋಷ್ಟಕ ತೆಗೆದು ನೋಡುತ್ತಾರೆ. ಒಂದು ತಂಡದಲ್ಲಿ ನಾಲ್ಕು ವರ್ಷದ ಮಕ್ಕಳು ಕಡಿಮೆಯಾಗಿ ಐದು ವರ್ಷದವರು ಉಬ್ಬಿಕೊಂಡಿದ್ದರೆ, ಅಥವಾ ಎತ್ತರದ ಅಂಕಿಗಳು ಬಹಳಷ್ಟು .0 ಮತ್ತು .5ರಲ್ಲೇ ಮುಗಿಯುತ್ತಿದ್ದರೆ, ಆ ತಂಡವನ್ನು ತಿದ್ದಬೇಕು, ಬೇಕಾದರೆ ಮನೆಗೆ ಮತ್ತೆ ಕಳಿಸಬೇಕು.

ಅಂಕಿಯ ಸುತ್ತ ಎಷ್ಟು ಜಾಗ ಬಿಡಬೇಕು

ಈಗ ಜಿಲ್ಲಾ ಪಟ್ಟಿ ಓದುವ ವಿಚಾರ. 885 ಮನೆಯಲ್ಲಿ 15-49ರ ಹೆಂಗಸರು ಸುಮಾರು 1,000 ಸಿಗುತ್ತಾರೆ. ಅವರಲ್ಲಿ ಶೇ 50 ಎಂದು ಬಂದ ಯಾವುದೇ ಅಂಕಿಗೆ, ಶುದ್ಧ ಚೀಟಿ ಎತ್ತುವ ಆಯ್ಕೆಯಾಗಿದ್ದರೆ, ಆಚೀಚೆ 3 ಅಂಶದ ಅನಿಶ್ಚಿತತೆ ಇರುತ್ತಿತ್ತು. ಆದರೆ ಒಂದೇ ಊರಿನ 22 ಮನೆಗಳು ಒಂದನ್ನೊಂದು ಹೋಲುತ್ತವೆ: ಅದೇ ಅಂಗನವಾಡಿ, ಅದೇ ನೀರು, ಅದೇ ತೋಟ. ಹಾಗಾಗಿ 1,000 ಜನರನ್ನು ಕೇಳಿದರೂ ಸಿಗುವ ಮಾಹಿತಿ ಆರೇಳು ನೂರು ಜನರದ್ದಷ್ಟೇ. ಅನಿಶ್ಚಿತತೆ 4 ಅಂಶದ ಹತ್ತಿರ ಹೋಗುತ್ತದೆ. ಶೇ 50 ಎಂದರೆ 46ರಿಂದ 54. ಎರಡು ಸುತ್ತುಗಳನ್ನು ಹೋಲಿಸಿದರೆ ಎರಡರ ಅನಿಶ್ಚಿತತೆಯೂ ಸೇರಿ ಸುಮಾರು 5.5 ಆಗುತ್ತದೆ. ಹೆಂಗಸರ ಅಂಕಿ ಎರಡು ಸುತ್ತಿನ ನಡುವೆ 3 ಅಂಶ ಇಳಿದಿದ್ದರೆ ಸಿಹಿ ಹಂಚುವುದೂ ಬೇಡ, 3 ಅಂಶ ಏರಿದ್ದರೆ ನೋಟಿಸ್ ಕೊಡುವುದೂ ಬೇಡ.

ಚುಚ್ಚುಮದ್ದಿನ ಅಂಕಿ ಇನ್ನೂ ಸೂಕ್ಷ್ಮ. ಅದು ಬರುವುದು 12ರಿಂದ 23 ತಿಂಗಳ ಮಕ್ಕಳಿಂದ ಮಾತ್ರ. 885 ಮನೆಯಲ್ಲಿ ಸುಮಾರು 3,500 ಜನ ಎಂದಿಟ್ಟುಕೊಂಡರೆ, ಸಾವಿರಕ್ಕೆ 16ರ ಜನನ ಪ್ರಮಾಣದಲ್ಲಿ ಆ ವಯಸ್ಸಿನ ಮಕ್ಕಳು ಸಿಗುವುದು 56ರ ಆಸುಪಾಸು. ಕರ್ನಾಟಕದಲ್ಲಿ ಐದನೇ ಸುತ್ತಿನ ಪೂರ್ಣ ಲಸಿಕೆಯ ಅಂಕಿ ಶೇ 84.1. ಅದೇ ಅಂಕಿ 56 ಮಕ್ಕಳಿಂದ ಬಂದಿದ್ದರೆ ನಿಜವಾದದ್ದು 74 ಇರಬಹುದು, 94 ಇರಬಹುದು. ಸಮೀಕ್ಷೆಯವರು ಇದನ್ನು ಮುಚ್ಚಿಟ್ಟಿಲ್ಲ. 25ರಿಂದ 49 ಜನರಿಂದ ಬಂದ ಅಂಕಿಯನ್ನು ಆವರಣದೊಳಗೆ ಹಾಕುತ್ತಾರೆ, 25ಕ್ಕಿಂತ ಕಡಿಮೆ ಇದ್ದರೆ ಅಂಕಿಯ ಬದಲು ನಕ್ಷತ್ರ ಹಾಕುತ್ತಾರೆ. ಪತ್ರಿಕೆಗೆ ಬರುವಷ್ಟರಲ್ಲಿ ಆವರಣ ಉದುರಿಹೋಗಿರುತ್ತದೆ.

ಗಂಡಸರ ಸಂದರ್ಶನ, ಕೌಟುಂಬಿಕ ಹಿಂಸೆ, ಎಚ್‌ಐವಿ ಇವೆಲ್ಲ ಶೇ 15ರಷ್ಟು ಮನೆಗಳಲ್ಲಿ ಮಾತ್ರ ನಡೆಯುವುದರಿಂದ ರಾಜ್ಯದ ಮಟ್ಟಕ್ಕಷ್ಟೇ ಅಂಕಿ ಸಿಗುತ್ತದೆ. ಹಿಂಸೆಯ ಪ್ರಶ್ನೆಯನ್ನು ಮನೆಗೆ ಒಬ್ಬ ಹೆಂಗಸಿಗೆ, ಬೇರೆ ಯಾರೂ ಇಲ್ಲದಾಗ ಕೇಳಬೇಕು, ಯಾರಾದರೂ ಒಳಗೆ ಬಂದರೆ ನಿಲ್ಲಿಸಬೇಕು. ಒಂದೇ ಕೋಣೆಯ ಲೈನ್ ಮನೆಯಲ್ಲಿ ಅದು ಎಷ್ಟು ಕಷ್ಟ ಎಂದು ಹೇಳಬೇಕಾಗಿಲ್ಲ. ಶಿಶುಮರಣ ಪ್ರಮಾಣವನ್ನೂ ಜಿಲ್ಲೆಗೆ ಕೊಡುವುದಿಲ್ಲ. ಆರೋಗ್ಯಕ್ಕೆ ಮನೆಯವರು ಮಾಡುವ ಖರ್ಚು ಬೇಕಾದರೆ ನೋಡಬೇಕಾದದ್ದು ರಾಷ್ಟ್ರೀಯ ಮಾದರಿ ಸಮೀಕ್ಷೆಯ ಸುತ್ತುಗಳು, ಉದಾಹರಣೆಗೆ 2017-18ರ 75ನೇ ಸುತ್ತು.

ಹಾಗಿದ್ದರೆ ಇಷ್ಟೆಲ್ಲ ಕಷ್ಟಪಟ್ಟು ಸಮೀಕ್ಷೆ ಏಕೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಂದ ತಿಂಗಳು ತಿಂಗಳು ವರದಿ ಬರುತ್ತದಲ್ಲ ಎಂದು ಕೇಳುವವರಿದ್ದಾರೆ. ಆ ವರದಿ ಆಸ್ಪತ್ರೆಗೆ ಬಂದವರನ್ನು ಎಣಿಸುತ್ತದೆ, ಮನೆಯಲ್ಲಿ ಉಳಿದವರನ್ನಲ್ಲ. ವಿರಾಜಪೇಟೆಯ ಗರ್ಭಿಣಿ ಮೈಸೂರಿನಲ್ಲಿ ಹೆತ್ತರೆ, ಸಂಪಾಜೆಯವಳು ಸುಳ್ಯಕ್ಕೋ ಮಂಗಳೂರಿಗೋ ಹೋದರೆ ಆ ಹೆರಿಗೆ ಆ ಊರಿನ ಆಸ್ಪತ್ರೆಯ ಲೆಕ್ಕಕ್ಕೆ ಹೋಗುತ್ತದೆ. ಛೇದದಲ್ಲಿ ಕೊಡಗಿನ ಗರ್ಭಿಣಿಯರೆಲ್ಲ, ಅಂಶದಲ್ಲಿ ಕೊಡಗಿನ ಆಸ್ಪತ್ರೆಗಳು ಮಾತ್ರ. ಸಾಂಸ್ಥಿಕ ಹೆರಿಗೆ ಕಡಿಮೆ ಎಂದು ಕಾಣುವುದು ಹಾಗೆ. ಮನೆ ಸಮೀಕ್ಷೆಯಲ್ಲಿ ತಾಯಿ ಎಲ್ಲಿ ಹೆತ್ತರೂ ಲೆಕ್ಕ ಅವಳ ಮನೆಯಿರುವ ಜಿಲ್ಲೆಗೇ.

ಸರಾಸರಿಯ ಒಳಗೆ ಯಾರಿದ್ದಾರೆ

ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಶೇ 97 ಹೆರಿಗೆ ಆಸ್ಪತ್ರೆಯಲ್ಲೇ ಆಗಿದೆ. ಇಂಥ ಹೊತ್ತಿನಲ್ಲಿ ಕೆಲಸ ಇರುವುದು ಉಳಿದ 3ರಲ್ಲಿ. 885 ಮನೆಯಲ್ಲಿ ಐದು ವರ್ಷದಲ್ಲಿ ಸುಮಾರು 280 ಹೆರಿಗೆ ಸಿಕ್ಕರೆ ಅದರ ಶೇ 3 ಎಂದರೆ ಎಂಟು. ಆ ಎಂಟು ಹೆರಿಗೆ ಯರವ ಬುಡಕಟ್ಟಿನವರ ಹಾಡಿಯಲ್ಲಾದವೋ (ಹಾಡಿ ಎಂದರೆ ಬುಡಕಟ್ಟಿನವರ ಪುಟ್ಟ ಊರು), ಜೇನುಕುರುಬರಲ್ಲೋ, ಹೊರರಾಜ್ಯದ ಕೂಲಿಗಳ ಲೈನಿನಲ್ಲೋ ಎಂದು ಎಂಟು ಅಂಕಿಯಿಂದ ಯಾವ ಲೆಕ್ಕಶಾಸ್ತ್ರಜ್ಞನೂ ಹೇಳಲಾರ. ಜಿಲ್ಲಾ ಸರಾಸರಿ ಚೆನ್ನಾಗಿದೆ ಎಂಬ ಕಾರಣಕ್ಕೇ ಹಾಡಿಗಳಿಗೆ ಬರಬೇಕಾದ ಹಣ ಬೇರೆ ಜಿಲ್ಲೆಗೆ ಹೋಗಬಹುದು, ಕೊಡಗಿನಂಥ ಜಿಲ್ಲೆಗೆ ಇದು ನಿಜವಾದ ಅಪಾಯ. ಯೋಜನೆಗಳು ಹಿಂದುಳಿದ ಜಿಲ್ಲೆಯನ್ನು ಹುಡುಕುತ್ತವೆ, 2018ರ ಆಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಇದ್ದದ್ದು ರಾಯಚೂರು ಮತ್ತು ಯಾದಗಿರಿ. ಮುಂದಿರುವ ಜಿಲ್ಲೆಯೊಳಗಿನ ಹಿಂದುಳಿದ ಹಾಡಿ ಆ ಜರಡಿಯಲ್ಲಿ ನಿಲ್ಲುವುದಿಲ್ಲ.

ಇದಕ್ಕೆ ರಾಷ್ಟ್ರೀಯ ಸಮೀಕ್ಷೆಯ ಮಾದರಿ ಹಿಗ್ಗಿಸುವುದು ಪರಿಹಾರವಲ್ಲ, ಖರ್ಚು ತಡೆಯದು. ತಾಲ್ಲೂಕು ಆರೋಗ್ಯಾಧಿಕಾರಿಯ ಕೈಯಲ್ಲೇ ಮಾಡಿಸಬಹುದಾದ ಸಣ್ಣ ವಿಧಾನವೊಂದಿದೆ. ಪ್ರತಿ ಪ್ರದೇಶದಲ್ಲಿ 19 ಜನರನ್ನು ಮಾತ್ರ ಕೇಳುವುದು. ಕಾರ್ಖಾನೆಯಲ್ಲಿ ಮಾಲಿನ ಗುಣಮಟ್ಟ ಪರೀಕ್ಷಿಸಲು ಹುಟ್ಟಿದ ಪದ್ಧತಿ, ಆಮೇಲೆ ಲಸಿಕೆ ಕಾರ್ಯಕ್ರಮಗಳಿಗೆ ಬಂತು. ಇದು ಶೇಕಡಾವಾರು ಹೇಳುವುದಿಲ್ಲ, ಗುರಿ ಮುಟ್ಟಿದೆಯೋ ಇಲ್ಲವೋ ಎಂದಷ್ಟೇ ಹೇಳುತ್ತದೆ. ಗುರಿ ಶೇ 80 ಎಂದಾದರೆ 19ರಲ್ಲಿ ಕನಿಷ್ಠ 13 ಮಕ್ಕಳಿಗೆ ಲಸಿಕೆ ಪೂರ್ತಿಯಾಗಿರಬೇಕು. 12 ಅಥವಾ ಕಡಿಮೆ ಬಂದರೆ ಆ ಪ್ರದೇಶಕ್ಕೆ ಗಮನ ಬೇಕು. ನಿಜಕ್ಕೂ ಶೇ 80 ಇರುವ ಪ್ರದೇಶವನ್ನು ತಪ್ಪಾಗಿ ‘ಮುಟ್ಟಿಲ್ಲ’ ಎನ್ನುವ ಸಾಧ್ಯತೆ ನೂರಕ್ಕೆ 7, ಶೇ 50 ಮಾತ್ರ ಇರುವುದನ್ನು ‘ಮುಟ್ಟಿದೆ’ ಎಂದುಬಿಡುವ ಸಾಧ್ಯತೆ ನೂರಕ್ಕೆ 8. ನಡುವೆ ಇರುವವುಗಳಲ್ಲಿ, ಶೇ 65-70ರ ಪ್ರದೇಶಗಳಲ್ಲಿ, ತಪ್ಪು ಹೆಚ್ಚು. ಅದನ್ನು ಒಪ್ಪಿಕೊಂಡೇ ಈ ವಿಧಾನ ಬಳಸಬೇಕು.

19 ಜನರನ್ನು ಆರಿಸುವಾಗಲೂ ಚೀಟಿಯೇ. ಪ್ರದೇಶದ ಊರುಗಳ ಜನಸಂಖ್ಯೆಯನ್ನು ಒಂದರ ಕೆಳಗೊಂದು ಕೂಡಿಸುತ್ತಾ ಬರೆದು, ಒಟ್ಟನ್ನು 19ರಿಂದ ಭಾಗಿಸಿ, ಆ ಅಂತರದಲ್ಲಿ ಊರು ಹಿಡಿದು, ಊರಿನಲ್ಲಿ ಮತ್ತೆ ಚೀಟಿ ಎತ್ತಿ ಮನೆ ಹಿಡಿಯುವುದು. ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ, ಪೊನ್ನಂಪೇಟೆ, ಕುಶಾಲನಗರ ಐದೂ ತಾಲ್ಲೂಕಿಗೆ ಸೇರಿ 95 ಮಕ್ಕಳು. ಆದರೆ ತಾಲ್ಲೂಕಿನ ಗಡಿಗೇ ಅಂಟಿಕೊಂಡರೆ ಹಳೆಯ ಕಥೆಯೇ, ಹಾಡಿ ಮತ್ತೆ ಸರಾಸರಿಯೊಳಗೆ ಕರಗುತ್ತದೆ. ಹಾಡಿಗಳನ್ನೆಲ್ಲ ಸೇರಿಸಿ ಒಂದು ಪ್ರದೇಶ, ಲೈನ್ ಮನೆಗಳನ್ನು ಸೇರಿಸಿ ಇನ್ನೊಂದು ಎಂದು ಬೇರೆಯಾಗಿಯೇ ಇಟ್ಟು ತಲಾ 19 ತೆಗೆಯಬೇಕು.

ಲೈನ್ ಮನೆಗಳ ಪಟ್ಟಿಗೆ ತೋಟದ ಚೆಕ್‌ರೋಲ್ ಕೇಳುವುದು ಸುಲಭದ ದಾರಿ, ಅದೇ ತಪ್ಪು ದಾರಿ ಕೂಡ. ಚೆಕ್‌ರೋಲ್‌ನಲ್ಲಿ ಇರುವುದು ಹಾಜರಿ ಬಿದ್ದವರ ಹೆಸರು. ಮೇಸ್ತ್ರಿಯ ಮೂಲಕ ಬಂದ ದಿನಗೂಲಿಗಳು ಅದರಲ್ಲಿ ಇರಬೇಕೆಂದಿಲ್ಲ, ಬಾಣಂತಿ ಕೆಲಸಕ್ಕೆ ಬರುತ್ತಿಲ್ಲವಾದ್ದರಿಂದ ಅವಳ ಹೆಸರೂ ಇರುವುದಿಲ್ಲ, ಮಗುವಂತೂ ಇಲ್ಲ. ಅಂಗನವಾಡಿ ಪುಸ್ತಕದಲ್ಲಿ ಕಳೆದ ವರ್ಷ ಇದ್ದು ಈಗ ಬೇರೆ ತೋಟಕ್ಕೆ ಹೋದವರ ಹೆಸರು ಉಳಿದಿರುತ್ತದೆ. ಎರಡನ್ನೂ ಪಕ್ಕಕ್ಕಿಟ್ಟು, ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು, ಜನವರಿ-ಫೆಬ್ರವರಿಯಲ್ಲಿ ಕೊಯ್ಲು ಭರದಲ್ಲಿರುವಾಗ ಸಂಜೆ ಹೊತ್ತು ಲೈನಿನ ಪ್ರತಿ ಬಾಗಿಲಿಗೂ ಹೋಗಿ ಪಟ್ಟಿ ಬರೆಯಬೇಕು. ಆ ಪಟ್ಟಿ ಸಿದ್ಧವಾದ ಮೇಲೆಯೇ ಚೀಟಿ ಎತ್ತುವುದು.